ಮೂರು ದಿನದ ಕೂಲಿ

ತಾಂಪೆರೆಯಲ್ಲಿ ಡಿಸೆಂಬರ್ ಎಂದರೆ ಮೂರೂವರೆಗೇ ಕತ್ತಲು.
ಗ್ರಂಥಾಲಯದ ಹಿಂಬದಿ ಕೋಣೆ, ಬಾಗಿಲಲ್ಲಿ ಒದ್ದೆ ಬೂಟುಗಳು,
ಮೇಜಿನ ಮೇಲೆ ಏಲಕ್ಕಿ ಬನ್ನು, ಇಪ್ಪತ್ತು ಮುಖದ ದಾಳ.
ಯಾಲ್ಮರಿ, ಲಿಬಾನ್, ಮಾತೇ ಆಡದ ಕೆರ್ತ್ತು.
ಮೂವರೂ ಒಂದನೇ ಮಟ್ಟದವರು:
ಹೆಗ್ಗಣ ಎರಡು ಸಲ ಕಚ್ಚಿದರೆ ಮುಗಿಯುವಷ್ಟು ಜೀವ.

ಅದಕ್ಕೇ ಜೊತೆಗೆ ರೂನಾರನನ್ನು ಕಳಿಸಿದೆ.
ಹನ್ನೆರಡನೇ ಮಟ್ಟ. ಬಿಳಿ ಗಡ್ಡ. ಹೆಸರಿರುವ ಖಡ್ಗ.
ಅವನು ಊಟಕ್ಕೆ ಕೂತರೆ ತೋಳಗಳು ದಾರಿ ಬದಲಿಸುತ್ತಿದ್ದವು.
ಗವಿಯ ಬಾಯಿಗೆ ಬೆನ್ನು ಕೊಟ್ಟು ಅವನು ನಿಂತರೆ
ಒಳಗೆ ಇವರು ನಿಶ್ಚಿಂತೆಯಿಂದ ಜಗಳವಾಡಬಹುದಿತ್ತು,
ದೀಪ ಯಾರು ಹಿಡಿಯಬೇಕೆಂದು.

ಹಗಲಲ್ಲಿ ನಾನು ಗಾರೆಯವನು.
ಹಳೆಯ ನೂಲಿನ ಗಿರಣಿಯ ಕಿಟಕಿ ಕಮಾನುಗಳನ್ನು
ಬಿಚ್ಚಿ ಮತ್ತೆ ಕಟ್ಟುತ್ತೇನೆ.
ಕೆಳಗೊಂದು ಮರದ ಅಚ್ಚು ನಿಲ್ಲಿಸಿ
ಅದರ ಬೆನ್ನ ಮೇಲೆ ಇಟ್ಟಿಗೆ ಏರಿಸಿ
ನಡುವಿನದನ್ನು ಬಡಿದು ಕೂರಿಸಿ
ಗಾರೆ ಬಿಗಿಯಲೆಂದು ಕಾಯುತ್ತೇನೆ.
ಅಚ್ಚನ್ನು ಬೇಗ ಕಿತ್ತರೆ ಎಲ್ಲ ತಲೆಯ ಮೇಲೆ.
ಕೀಳದೇ ಬಿಟ್ಟರೆ
ಅದು ಕಮಾನೋ, ಹಲಗೆ ಮೇಲಿನ ಇಟ್ಟಿಗೆ ರಾಶಿಯೋ,
ಯಾರಿಗೆ ಗೊತ್ತು?

ಹಾಗಾಗಿ ರಟ್ಟಿನ ಮರೆಯ ಹಿಂದೆ ಸುಳ್ಳು ಹೇಳಿದೆ.
ರೂನಾರನಿಗೆ ಬಿದ್ದದ್ದು ಹತ್ತೊಂಬತ್ತು.
"ನಾಲ್ಕು" ಎಂದೆ. "ಖಡ್ಗ ಬಂಡೆಗೆ ತಾಗಿತು. ಲಿಬಾನ್, ನೀನು."
ಲಿಬಾನನ ಕವಣೆಕಲ್ಲು ದೈತ್ಯನ ಕಣ್ಣಿಗೇ!
ಕುರ್ಚಿ ಉರುಳಿತು, ಬನ್ನು ನೆಲ ಕಂಡಿತು.
ಕೆರ್ತ್ತು ಮಾತ್ರ ನನ್ನ ಭುಜದಾಚೆ ನೋಡುತ್ತಿದ್ದಳು.
ಕಿಟಕಿಯ ಕಪ್ಪು ಗಾಜಿನಲ್ಲಿ
ತಿರುಗುಮುರುಗಾದ ಹತ್ತೊಂಬತ್ತು.
ಏನೂ ಹೇಳಲಿಲ್ಲ.

ಮೂರನೇ ವಾರ ಅವನನ್ನು ಸಾಯಿಸಬೇಕೆಂದಿದ್ದೆ,
ಸೇತುವೆಯ ಮೇಲೆ, ಸುತ್ತ ಬೆಂಕಿಯಿಟ್ಟು.
ಕೊನೆಯ ಮಾತು ಬರೆದೂ ಇಟ್ಟಿದ್ದೆ, ಚೆನ್ನಾಗಿತ್ತು.
ಆದರೆ ಆ ದಿನ ಯಾಲ್ಮರಿ
ಅಜ್ಜನ ಕೋಟು ತೊಟ್ಟು ಬಂದಿದ್ದ,
ತೋಳುಗಳನ್ನು ಎರಡೆರಡು ಸಲ ಮಡಚಿ.
ಅಜ್ಜ ಹೇಗಿದ್ದಾರೆಂದು ಯಾರೂ ಕೇಳಲಿಲ್ಲ.

ನನ್ನಿಂದಾಗಲಿಲ್ಲ.
ಸೇತುವೆಯ ನಡುವೆ ರೂನಾರ್ ನಿಂತ, ಕೈ ಚಾಚಿದ.
"ಮೂರು ದಿನವಾಯಿತು. ದಿನಕ್ಕೆ ನಾಲ್ಕರಂತೆ
ಹನ್ನೆರಡು ಬೆಳ್ಳಿ."

"ದುಡ್ಡಿಗೆ ಬಂದವನಾ ನೀನು!"
ಲಿಬಾನ್ ಕೆಂಡವಾದ.
ಯಾಲ್ಮರಿ ಕೋಟಿನ ಜೇಬಲ್ಲಿ ತಡಕಾಡಿ
ಈಗ ಎಲ್ಲೂ ನಡೆಯದ ಒಂದು ಮಾರ್ಕ ನಾಣ್ಯ
ನನ್ನ ಮುಂದಿಟ್ಟ, ನಿಜವಾದದ್ದು.
"ಇನ್ನೂ ಹನ್ನೊಂದು ಬಾಕಿ" ಎಂದ.
"ತಗೊಳ್ಳೋಕೆ ಬರಬೇಕು ಅವನು."

ಬರುತ್ತಾನೆ ಎಂದೆನೋ, ತಲೆಯಾಡಿಸಿದೆನೋ, ನೆನಪಿಲ್ಲ.
ರೂನಾರ್ ಹಿಮದೊಳಗೆ ನಡೆದ.
ಸೇತುವೆಯಾಚೆ ಐದು ಜೋಡಿ ಹಳದಿ ಕಣ್ಣು.
ಮೂವರೂ ಅಭ್ಯಾಸಬಲದಿಂದ
ಅವನಿದ್ದ ಕಡೆಗೆ ತಿರುಗಿದರು.

ಗಡಿಯಾರದ ಸದ್ದು ಅಲ್ಲಿತ್ತೆಂದು ಆಗ ತಿಳಿಯಿತು.
"ದೀಪ ನಾನು ಹಿಡಿತೀನಿ,"
ಕೆರ್ತ್ತು ಎಂದಳು. ಆಮೇಲೆ, ಮೆಲ್ಲಗೆ, ನನಗೆ:
"ಆ ರಟ್ಟು ತೆಗೀರಿ."

ತೆಗೆದೆ.
ದಾಳ ಎಲ್ಲರೆದುರು ಉರುಳಿತು, ಬನ್ನಿನ ಚೂರುಗಳ ನಡುವೆ ನಿಂತಿತು.
ಎರಡು.
ಯಾರೂ ಅದನ್ನು ಬೇರೆ ಏನೋ ಎನ್ನಲಿಲ್ಲ.