ಮೂರು ಹೊಲಿಗೆ

ಲಾರಿ ಟಾರ್ಪಾಲಿಗೆಂದೇ ಹುಟ್ಟಿದ ಮಿಷಿನ್ನು ನನ್ನದು;
ಈ ಹಾಯಿ ಅಂಗಡಿ ಮೀರಿ
ಹೊಳೆನರಸೀಪುರ ರಸ್ತೆಗೆ ಕಾಲು ಚಾಚಿದೆ.

‘ಮೂರು ಹೊಲಿಗೆ ಹಾಕು ಗೌಸಣ್ಣ,’ ಇನಾಸಪ್ಪನ ತಾಕೀತು.
ಅವನ ಷೆಡ್ಡಲ್ಲಿ ಆರು ಮಿಲಿಮೀಟರ್ ತಗಡಿನ ದೋಣಿ:
ಒಳಗೋಡೆಗೆಲ್ಲ ಥರ್ಮಾಕೋಲು, ಮೊರದಗಲದ ಸೌದೆ ಒಲೆ,
ಲಂಗರು ಎರಡು.
‘ಒಂದು ಸಾಲದೇನೋ?’
‘ಕಡ ಕೇಳೋಕೆ ಅಲ್ಲಿ ಪಕ್ಕದ ಮನೆ ಇಲ್ಲ.’

ಆ ನೀರು ಎಷ್ಟು ತಣ್ಣಗೋ.
ಸಮುದ್ರ ನಾನು ಕಂಡಿದ್ದು ಒಮ್ಮೆ, ಮಂಗಳೂರಲ್ಲಿ, ಬೆವರುತ್ತಾ.
ಚಳಿಯೆಂದರೆ ನನಗೆ ಡಿಸೆಂಬರಿನ ಹಾಸನ—
ಬೆಳಗಿನ ಜಾವ ಬೆರಳಿಗೆ ಸೂಜಿ ಚುಚ್ಚಿದರೂ
ಸುದ್ದಿ ತಡವಾಗಿ ಬರುತ್ತದೆ.

ಐದಕ್ಕೆ ಎದ್ದು, ಬೀದಿ ದೀಪದಡಿ,
ಎರಡೂ ಕೈಗೆ ಕಾಲುಚೀಲ ತೊಟ್ಟು
ಹಾಯಿ ಕುಗ್ಗಿಸುವ ಕುಣಿಕೆಗೆ ಹಗ್ಗ ಪೋಣಿಸಿ ನೋಡಿದೆ.
ಹೋಗಲಿಲ್ಲ.
ಬಿಚ್ಚಿದೆ ಹೊಲಿಗೆ, ಮೂರನ್ನೂ.
ಒಂದು ಬೆರಳಗಲ ಹೆಚ್ಚು ಬಿಟ್ಟೆ.