ಹಸಿರು ರಟ್ಟಿನದು

ಮಂಗಳವಾರ ನನ್ನ ವ್ಯಾನು ಲೂಯಿಸ್ ದ್ವೀಪದ ಪಡುವಣ ದಂಡೆಗೆ.
ಗಾಳಿ ಜೋರಿದ್ದರೆ ಪುಸ್ತಕ ಒಯ್ಯಲು ಇಬ್ಬರು ಬೇಕು,
ಒಬ್ಬರು ಆರಿಸಲು, ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಲು.
ಎಂಟುನೂರು ಪುಸ್ತಕ, ಒಂದು ಹೀಟರು,
ಮತ್ತೆ, ಮಕ್ಕಳ ಕೈಗೆ ಸಿಗಬಾರದೆಂದು
ಮಕ್ಕಳ ಎತ್ತರಕ್ಕೇ ಯಾರೋ ಜೋಡಿಸಿಟ್ಟ
ಹಳೆಯ ಭಯದ ಕಾದಂಬರಿಗಳು.

ನಾನು ಓದುವವಳಲ್ಲ. ಹದಿನಾಲ್ಕು ವರ್ಷ
ಪುಸ್ತಕ ಸಾಗಿಸಿದ್ದು, ಹಾಲಿನವನು ಹಾಲು ಸಾಗಿಸಿದಂತೆ.
ಒಂದು ಸಂಜೆ ಟೈರು ಪಂಕ್ಚರು. ಗ್ಯಾರೇಜಿನವನಿಗೆ ಮೂರು ಗಂಟೆಯ ದಾರಿ.
ಸುತ್ತ ಜವುಗು, ಕುಯ್ದಿಟ್ಟ ಪೀಟಿನ ಕಪ್ಪು ಗುಡ್ಡೆ.
ಕೈಗೆ ಸಿಕ್ಕಿದ್ದು ಹಸಿರು ರಟ್ಟಿನದು.
ಬೆನ್ನು ಕಿತ್ತು ಹೋಗಿತ್ತು, ಹೆಸರಿಲ್ಲ, ಬರೆದವರಿಲ್ಲ,
ಮೂಸಿದರೆ ಹೊಗೆ, ಉಪ್ಪು.

ಒಂದು ಮನೆ. ಆ ಮನೆಗೆ ಪಿಯಾನೋದ ಶ್ರುತಿ ಸರಿಮಾಡಲು ಬಂದವನು.
ಮಹಡಿಯಲ್ಲಿ ಯಾರೂ ಇಲ್ಲ ಎಂದು
ಎಲ್ಲರೂ ಅವನಿಗೆ ಹೇಳುತ್ತಾರೆ, ಅವನು ಕೇಳದೆಯೇ.
ರಾತ್ರಿ ಪಿಯಾನೋದ ಒಂದೇ ಒಂದು ಮನೆ ಒತ್ತಿದ ಸದ್ದು.
ಅವನಿನ್ನೂ ಮುಟ್ಟಿರದ ಮನೆ,
ಅಪಸ್ವರವಿರಬೇಕಿತ್ತು,
ಅಚ್ಚ ಶ್ರುತಿಯಲ್ಲಿತ್ತು.

ಮುನ್ನೂರು ಪುಟ ಒಂದು ಭೂತವೂ ಬರಲಿಲ್ಲ.
ಬಂದಿದ್ದರೆ ವಾಸಿಯಿತ್ತು.
ಗ್ಯಾರೇಜಿನವನು ಬಂದು ಕಿಟಕಿ ತಟ್ಟಿದಾಗ
ನಾನು ಕೂಗಿದ್ದನ್ನು ಅವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಕಡೆಯ ಸಾಲು: ‘ಅವನು ಬಾಗಿಲ ಹಿಡಿ ತಿರುಗಿಸಿದ. ಒಳಗೆ’
ಅಷ್ಟೆ. ಮುಂದಿನ ಹಾಳೆ ಯಾರೋ ಹರಿದಿದ್ದರು,
ನೇರವಾಗಿ, ಸ್ಕೇಲು ಇಟ್ಟು.

ರಟ್ಟಿನ ಒಳಗಿನ ಚೀಟಿಯಲ್ಲಿ ಒಯ್ದವರ ಹೆಸರು.
ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ.

ನೇಕಾರ ತೋರ್ಮೊಡ್ ಮಗ್ಗ ನಿಲ್ಲಿಸಿದ.
‘ಒಳಗೆ ಅವನೇ ಕೂತಿದ್ದ, ಮುದುಕನಾಗಿ.
ಶನಿವಾರ ಹನ್ನೆರಡು ಹೊಡೆಯಿತು, ಸಬ್ಬತ್ತಿನಲ್ಲಿ ಓದಬಾರದು,
ಪುಸ್ತಕ ಈ ಶೆಡ್ಡಿನಲ್ಲಿಟ್ಟು ಬೀಗ ಹಾಕಿದೆ.
ಭಾನುವಾರ ಇಡೀ ಅದು ಇಲ್ಲಿ ಒಂಟಿಯಾಗಿತ್ತಲ್ಲ,
ಅದೇ ತಲೆಯಲ್ಲಿ.’

ದೋಣಿಕಟ್ಟೆಯಲ್ಲಿ ಟಿಕೆಟು ಹರಿಯುವ ಕಿರ್ಸ್ಟಿ:
‘ಒಳಗೆ ನೀರು. ಮೊಣಕಾಲವರೆಗೆ.’
ಚಿಲ್ಲರೆ ಎಣಿಸಿದಳು, ಮತ್ತೆ ಎಣಿಸಿದಳು.

ಹದಿಮೂರರ ರೂರಿ, ಚೀಟಿಯಲ್ಲಿ ಹೆಸರಿಲ್ಲದೆ ಕದ್ದು ಓದಿದವನು:
‘ಏನೂ ಇರಲಿಲ್ಲ. ಅದಕ್ಕೇ ಅಲ್ವಾ?’

ಹಾಳೆ ಹರಿದಿತ್ತೇ ಎಂದರೆ ಮೂವರೂ ಅಂದದ್ದು ಒಂದೇ:
‘ಇಲ್ಲವಲ್ಲ.’

ಚೀಟಿಯ ಮೊದಲ ಹೆಸರು ಡೋಲಿನಾ, ಶಾಲೆಯಲ್ಲಿ ಕಲಿಸಿದವಳು,
ಈಗ ಎಂಬತ್ತೊಂಬತ್ತು, ಕಿವಿ ಮಂದ, ನಾಲಿಗೆ ಅಲ್ಲ.
ಬಿಸ್ಕತ್ತಿನ ಡಬ್ಬಿ ತೆಗೆದಳು, ಅದರಿಂದ ಮಡಿಸಿದ ಹಾಳೆ.
‘ಓದು. ಆಮೇಲೆ ನನ್ನನ್ನು ಬೈ.’

ಒಳಗೆ ಚಿಕ್ಕಪ್ಪ. ಉಯಿಲಿನ ಆಸೆಗೆ
ಮೇಲಿಂದ ದಾರ ಕಟ್ಟಿ ಎಳೆಯುತ್ತಿದ್ದ.
ಪೊಲೀಸು ಬಂತು. ಮದುವೆಯಾಯಿತು. ಬಿಸಿಲು ಬಿತ್ತು.

‘ಹಾವೇ ಇಲ್ಲದ ದ್ವೀಪ ನಮ್ಮದು’ ಎಂದಳು ಡೋಲಿನಾ.
‘ಮುನ್ನೂರು ಪುಟ ಕೊಟ್ಟು ಒಂದು ಹಾವು ಸಾಕಿಸಿದ,
ಕಡೆಗೆ, ಅಯ್ಯೋ ಹಗ್ಗ ಕಣೇ, ಅಂದುಬಿಟ್ಟ.
ಇಡೀ ರಾತ್ರಿ ನಡುಗಿದ ನನಗೆ ಅದು ಅವಮಾನ.
ಮುಂದೆ ಓದುವವರಿಗಾದರೂ ಹಾವು ಇರಲಿ ಅಂತ ಹರಿದೆ.
ತಪ್ಪೇ? ದಂಡ ಎಷ್ಟು?’

ಕೊಟ್ಟಳು ಹಾಳೆ, ಸರ್ಕಾರದ ಆಸ್ತಿ ಎಂದು.
ವ್ಯಾನಿನ ಖಾನೆಯಲ್ಲಿದೆ, ನಕಾಶೆಯ ಕೆಳಗೆ.

ಈಗ ಕೆಳಗಿನ ಅರೆಯ ಹನ್ನೊಂದನೆಯದರಲ್ಲಿದ್ದೇನೆ.
ಒಳ್ಳೆಯದು ಯಾವುದೆಂದು ತಿಳಿಯಲು ನನಗೊಂದೇ ದಾರಿ:
ಕಡೆಯ ಹಾಳೆಗೆ ಬಂದಾಗ
ಹರಿಯಬೇಕೆಂದು ಕೈ ತುರಿಸುತ್ತದೋ ಇಲ್ಲವೋ.
ನಾಲ್ಕರಲ್ಲಿ ತುರಿಸಲಿಲ್ಲ. ಆ ನಾಲ್ಕನ್ನು ಮೇಲಿನ ಅರೆಗೆ ಏರಿಸಿದ್ದೇನೆ.

ಹೋದ ವಾರ ತೋರ್ಮೊಡ್ ಬಾಗಿಲು ಹಿಡಿದು ನಿಂತು ಕೇಳಿದ:
‘ಸಿಕ್ಕಿತೇ ಆ ಹಾಳೆ?’
‘ಇಲ್ಲ.’
ಹದಿನಾಲ್ಕು ವರ್ಷದಲ್ಲಿ ಓದುವವರಿಗೆ ನಾನು ಹೇಳಿದ ಮೊದಲ ಸುಳ್ಳು.
ಅವನು ಉಸಿರು ಬಿಟ್ಟ, ಹೆಗಲು ಇಳಿಯಿತು.
ನಾನು ಗಾಡಿ ತಿರುಗಿಸುವಷ್ಟರಲ್ಲಿ
ಶೆಡ್ಡಿನಲ್ಲಿ ಮಗ್ಗ ಮತ್ತೆ ಶುರುವಾಗಿತ್ತು.