ಪಾವು ಕೇಳಿದರೆ ಸೇರು

ರಾತ್ರಿ ಎರಡು. ದಾವಣಗೆರೆ, ಮಂಡಕ್ಕಿ ಭಟ್ಟಿ ಲೇಔಟು.
ಮರಳು ಕಾದು ಚಟಪಟ ಶುರುವಾಗುವ ಹೊತ್ತಿಗೆ
ಖಾಲಿ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ.
ಕೀಲಿಗಳ ಸಂದಿಯಲ್ಲಿ ಭತ್ತದ ಹೊಟ್ಟು,
ಪರದೆಗೆಲ್ಲ ಮಸಿ.

ಯಂತ್ರ ಕೂರಿಸಿದವಳು ನಾನೇ.
ಒಂದು ಬೈಟಿನಲ್ಲಿ ಮರಳಿನ ಕಾವು,
ಪಕ್ಕದ ಬೈಟಿನಲ್ಲಿ ತುಂಬಿದ ಚೀಲಗಳ ಎಣಿಕೆ:
ಓದಿದ ಕೂಡಲೇ ತನ್ನನ್ನು ತಾನೇ ಒರೆಸಿಕೊಂಡು
ಸೊನ್ನೆಯಿಂದ ಮತ್ತೆ ಹೊರಡುವ ಎಣಿಕೆ.
ಜಾಣತನ ಅಂದುಕೊಂಡಿದ್ದೆ.

ವಾರದಿಂದ ಚೀಲ ಕಡಿಮೆ, ಅದೂ ರಾತ್ರಿ ಪಾಳಿಯಲ್ಲೇ.
ಜಿಲಾನ್ ಸಾಬರು ಯಂತ್ರವನ್ನು ಅನುಮಾನಿಸಲಿಲ್ಲ,
ಮೌಲಾಬಿಯ ಮುಖ ನೋಡಿದರು.
ಆಕೆ ಗೋಡೆಯತ್ತ ಕೈ ಮಾಡಿದಳು. ಇದ್ದಿಲ ಗೀಟುಗಳು,
ನಾಲ್ಕು ನಿಂತವು, ಒಂದು ಅಡ್ಡ.
"ಗ್ವಾಡೆ ಲೆಕ್ಕ ಯಾರ್ ಕೇಳ್ತಾರವ್ವ,"
ಆಮೇಲೆ, ನನಗೆ ಮಾತ್ರ.

ಡ್ರೈವರಿನ ಒಂದೊಂದು ಸಾಲೂ ಓದಿದೆ.
ಬರೆದದ್ದು ಸರಿ: ಎಂಟು ಬಿಟ್, ಒಂದೇ ಬೈಟು.
ಲಿನಕ್ಸಿನ ಲಾಗೂ ನನ್ನ ಮಾತನ್ನೇ ನನಗೆ ಹೇಳಿತು.
ಕೊನೆಗೆ ಮಾತು ಬಿಟ್ಟು ತಂತಿಗಳಿಗೇ
ಅನಲೈಸರಿನ ಕೊಕ್ಕು ಕಚ್ಚಿಸಿದೆ.
ಹಾದಿಯಲ್ಲಿ ಹರಿದದ್ದು ಮೂವತ್ತೆರಡು!

ನಡುವಿನ ಸೇತುವೆ ಚಿಪ್ಪಿಗೆ ಸಣ್ಣ ಅಳತೆಯೇ ತಿಳಿಯದು.
ಪಾವು ಕೇಳಿದರೆ ಸೇರು ಮೊಗೆಯುತ್ತದೆ,
ಪಾವು ಕೈಗಿಟ್ಟು
ಮೂರು ಪಾವನ್ನು ದಾರಿಯಲ್ಲೇ ಚೆಲ್ಲುತ್ತದೆ.
ಮಂಡಕ್ಕಿ ಚೆಲ್ಲಿದರೆ ಸದ್ದೆಲ್ಲಿ?

ಹಗಲು ಗಂಟೆಗೊಮ್ಮೆ ಕಾವು ನೋಡುತ್ತಿದ್ದೆ.
ರಾತ್ರಿ, ಥಂಡಿಗೆ ಮರಳು ಆರೀತೆಂದು, ಐದು ನಿಮಿಷಕ್ಕೊಮ್ಮೆ.
ನೋಡಿದಾಗೊಮ್ಮೆ
ಮೌಲಾಬಿ ಆಗಷ್ಟೇ ಬಾಯಿ ಹೊಲಿದ ಚೀಲ
ಲೆಕ್ಕಕ್ಕೆ ಸೇರುವ ಮೊದಲೇ ಅಳಿಯುತ್ತಿತ್ತು.
ಕದ್ದವಳು ನಾನು. ಬರೀ ನೋಡಿ ಕದ್ದೆ.

ಎಣಿಕೆಯನ್ನು ಆ ಓಣಿಯಿಂದ ಬಿಡಿಸಿ
ನಾಲ್ಕು ಮನೆ ಆಚೆಗೆ ಸಾಗಿಸಿದೆ.
ವಿಳಾಸದಲ್ಲಿ ಬದಲಾದದ್ದು ಒಂದೇ ಅಂಕೆ;
ಅದಕ್ಕೆ ಮೂರು ರಾತ್ರಿ, ಎಷ್ಟೋ ಲೋಟ ಚಹಾ.

ಬೆಳಗಿನ ಆಜಾನಿಗೆ ಪರದೆ ನಲವತ್ತೊಂದು ಅಂದಿತು.
ಗೋಡೆಯದೂ ನಲವತ್ತೊಂದು.
ಮೌಲಾಬಿ ಪರದೆಯತ್ತ ತಿರುಗಲೂ ಇಲ್ಲ,
ನಲವತ್ತೆರಡನೆಯದಕ್ಕೆ ಸೂಜಿ ಪೋಣಿಸುತ್ತಿದ್ದಳು.

ಹೋದ ವಾರದ ಹದಿನೇಳು ಚೀಲ
ಯಾವ ರಿಜಿಸ್ಟರಿನಲ್ಲೂ ಇಲ್ಲ ಈಗ.
ಸಾಬರು ನಮಾಜು ಮುಗಿಸಿ ಬರಲಿ, ಹೇಳಬೇಕು.
ಹೇಗೆ ಶುರು ಮಾಡುವುದೋ ತಿಳಿಯದೆ
ಇದ್ದಿಲ ಗೀಟುಗಳನ್ನು ಮೊದಲಿಂದ ಓದಿದೆ,
ಇನ್ನೊಮ್ಮೆ ಓದಿದೆ.
ಅಳಿಯಲಿಲ್ಲ.